ಅಮಿಗಾದಲ್ಲಿ ಜೋಗದ ನಾಲ್ಕು ಪುಟ

ಮಳೆಗಾಲದಲ್ಲಿ ಸಾಗರದ ನಮ್ಮ ಮನೆಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಹಾಗಾಗಿ ಅಮಿಗಾ 1200 ಎಂಬ ಹಳೆಯ ಕಂಪ್ಯೂಟರಿನಲ್ಲಿ, ಚಿತ್ರ-ಬರಹಗಳನ್ನು ಪುಟಪುಟವಾಗಿ ಪರದೆಗೆ ತರುವ ಸ್ಕಾಲಾ ತಂತ್ರಾಂಶ ಓಡಿಸುವುದನ್ನು ಕಲಿಸಿ ಎಂದು ಯಾರು ಕೇಳಿದರೂ ನಾನು ಮೊದಲು ಫ್ಲಾಪಿಯ ಮಾತನ್ನೇ ಎತ್ತುತ್ತೇನೆ. ಫ್ಲಾಪಿಯ ತಗಡಿನ ಮುಚ್ಚಳ ಸರಿಸಿ, ನಡುವಿನ ಚಕ್ರವನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿ, ಒಳಗಿನ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಚುಕ್ಕೆ ಕಂಡರೆ ಅದನ್ನು ಡ್ರೈವ್‌ಗೆ ಹಾಕಲೇಬೇಡಿ. ಬೂಷ್ಟು ಡ್ರೈವ್‌ನ ಹೆಡ್‌ಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಕೆಡಿಸುತ್ತದೆ. ನಾನು ಎರಡು ಫ್ಲಾಪಿಗಳನ್ನು ಹೀಗೆ ಕಳೆದುಕೊಂಡೆ. ಮದುವೆ ವಿಡಿಯೊಗಳಿಗೆ ವಧೂವರರ ಹೆಸರು ಮೂಡಿಸುತ್ತಿದ್ದ ಕಾಲದ ಕೆಲಸವೆಲ್ಲ ಅವುಗಳಲ್ಲಿತ್ತು. ಈಗ ಉಳಿದವೆಲ್ಲ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿವೆ.

1992ರಲ್ಲಿ ಬಂದ ಯಂತ್ರವಿದು. ಬೋರ್ಡಿನ ಕೆಪಾಸಿಟರ್‌ಗಳು ಸೋರುತ್ತವೆ. ನನಗೆ ಮಾರಿದವರು ಎಲ್ಲ ಸರಿಯಿದೆ ಎಂದಿದ್ದರು; ಧ್ವನಿ ಮಾತ್ರ ಪಾತಾಳದಿಂದ ಬಂದಂತೆ ಕೇಳುತ್ತಿತ್ತು. ಕೆಪಾಸಿಟರ್ ಬದಲಿಸಿದ ಮೇಲೆ ಸರಿಹೋಯಿತು. ಹಾರ್ಡ್ ಡಿಸ್ಕ್ ಜಾಗದಲ್ಲಿ ಅಡಾಪ್ಟರ್ ಸಮೇತ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಹಾಕಿ, ಮೊದಲ 4 ಜಿಬಿಯೊಳಗೇ ಪಾರ್ಟಿಶನ್ ಮಾಡಿಕೊಳ್ಳಿ. ಯಂತ್ರ ಸಿಗದವರಿಗೆ ಲ್ಯಾಪ್‌ಟಾಪ್‌ನಲ್ಲಿ ಎಫ್‌ಎಸ್-ಯುಎಇ ಎಮ್ಯುಲೇಟರ್, ಅಂದರೆ ಅಮಿಗಾವನ್ನು ಅನುಕರಿಸುವ ತಂತ್ರಾಂಶ, ಸಾಕು. ಅದಕ್ಕೆ ಬೇಕಾದ ಕಿಕ್‌ಸ್ಟಾರ್ಟ್ ರೋಮ್ (ಅಮಿಗಾವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಮಿಗಾ ಫಾರೆವರ್ ಪ್ಯಾಕೇಜಿನಲ್ಲಿ ಹಣ ಕೊಟ್ಟರೆ ಸಿಗುತ್ತದೆ.

ಸ್ಕಾಲಾ ನಾರ್ವೆಯಲ್ಲಿ ಹುಟ್ಟಿದ ತಂತ್ರಾಂಶ. ಅದರ ಮುಖ್ಯ ಪರದೆಯೇ ಒಂದು ಪಟ್ಟಿ: ಸಾಲಿಗೊಂದು ಪುಟ. ಪುಟ ಹೇಗೆ ಮೂಡಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅದೇ ಸಾಲಿನಲ್ಲಿ ಕೊಡಬಹುದು. ಇಡೀ ಪ್ರದರ್ಶನ ಒಂದೇ ನೋಟಕ್ಕೆ ಕಾಣುವ ಈ ಸ್ಪಷ್ಟತೆಗೆ ನಾನು ಇಂದಿಗೂ ಸೋಲುತ್ತೇನೆ.

ಕಷ್ಟವಿರುವುದು ಕನ್ನಡದಲ್ಲಿ. ಸ್ಕಾಲಾ ಜೊತೆ ಬರುವ ಅಕ್ಷರಗಳಲ್ಲಿ ಕನ್ನಡವಿಲ್ಲ. ಆದ್ದರಿಂದ ಬರಹವನ್ನು ಚಿತ್ರವಾಗಿಯೇ ತರಬೇಕು. ಪಿಸಿಯಲ್ಲಿ 640×512 ಅಳತೆಯ, 16 ಬಣ್ಣದ ಚಿತ್ರ ಮಾಡಿ, ಗ್ರಾಫ್‌ಎಕ್ಸ್2 ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆರೆದು, ಅಮಿಗಾಕ್ಕೆ ಒಗ್ಗುವ ಐಎಫ್‌ಎಫ್ ಕಡತವಾಗಿ ಉಳಿಸಿ. ಹದಿನಾರೇ ಬಣ್ಣವೇಕೆಂದರೆ, ಆಗ ಒಂದು ಚಿತ್ರ 160 ಕೆಬಿಯಲ್ಲಿ ಮುಗಿಯುತ್ತದೆ. 256 ಬಣ್ಣವಾದರೆ ಅದು ಇಮ್ಮಡಿ. ಚಿತ್ರ, ಧ್ವನಿ ಎರಡಕ್ಕೂ ಇರುವುದು 2 ಎಂಬಿ ಚಿಪ್ ಮೆಮರಿ ಮಾತ್ರ. ಎಲ್ಲ ಪುಟಗಳಿಗೂ ಅದೇ ಹದಿನಾರು ಬಣ್ಣಗಳನ್ನು ಇಟ್ಟುಕೊಳ್ಳಿ.

ಇನ್ನು ತಲೆಕಟ್ಟು. 512 ಗೆರೆಗಳ ಈ ಪರದೆ ಸಮ ಗೆರೆಗಳನ್ನು ಒಮ್ಮೆ, ಬೆಸ ಗೆರೆಗಳನ್ನು ಇನ್ನೊಮ್ಮೆ ಬಿಡಿಸುತ್ತದೆ. ಹಾಗಾಗಿ ಪ್ರತಿ ಗೆರೆಯೂ ಸೆಕೆಂಡಿಗೆ 25 ಸಲವಷ್ಟೇ ಬೆಳಗುತ್ತದೆ. ಒಂದೇ ಗೆರೆ ದಪ್ಪದ ತಲೆಕಟ್ಟು ಹಳೆಯ ಟಿವಿಯಲ್ಲಿ ಕಣ್ಣು ನೋಯುವಷ್ಟು ಮಿನುಗುತ್ತದೆ. ಕನಿಷ್ಠ ಎರಡು ಗೆರೆ, ಸಾಧ್ಯವಾದರೆ ಮೂರು ಗೆರೆ ದಪ್ಪವಿರಲಿ. ಕಡುಗಪ್ಪಿನ ಮೇಲೆ ಅಚ್ಚ ಬಿಳಿಯ ಬದಲು ತುಸು ಮಾಸಿದ ಬಣ್ಣ ಹಾಕಿದರೆ ಮಿನುಗು ಇನ್ನೂ ತಗ್ಗುತ್ತದೆ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ಟಿವಿಯ ಚೌಕಟ್ಟು ಅಂಚುಗಳನ್ನು ನುಂಗುತ್ತದೆ. ನನ್ನ ಮೊದಲ ಪುಟದಲ್ಲಿ ‘ಶರಾವತಿ’ಯ ಕೊನೆಯ ಅಕ್ಷರವೇ ಮಾಯವಾಗಿತ್ತು.

ಕಲಿಯಲು ನಾಲ್ಕು ಪುಟ ಸಾಕು, ಜೋಗದ ಒಂದೊಂದು ಧಾರೆಗೆ ಒಂದೊಂದು: ರಾಜ, ರಾಣಿ, ರೋರರ್, ರಾಕೆಟ್. ರಾಜನನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಸಿ. ಅದು 253 ಮೀಟರ್ ಧುಮುಕುವ ನೀರು, ಅವಸರ ಬೇಡ. ರಾಣಿ ಹಿಂದಿನ ಚಿತ್ರದೊಳಗಿಂದಲೇ ಕರಗಿ ಮೂಡಲಿ. ರಾಕೆಟ್ ಥಟ್ಟನೆ ಬರಲಿ. ರೋರರ್ ಪುಟಕ್ಕೆ ಧ್ವನಿಯೇ ಜೀವ. ಜೋಗದಲ್ಲಿ ಮೊಬೈಲಿನಿಂದ ಹತ್ತು ಸೆಕೆಂಡು ಭೋರ್ಗರೆತ ಹಿಡಿದು ತನ್ನಿ. ಸಾಕ್ಸ್ ತಂತ್ರಾಂಶದಲ್ಲಿ ಅದನ್ನು ಒಂದೇ ಚಾನೆಲ್‌ನ, 22,050 ಹರ್ಟ್ಸ್‌ನ 8ಎಸ್‌ವಿಎಕ್ಸ್ (ಅಮಿಗಾದ ಧ್ವನಿ ಮಾದರಿ) ಕಡತವಾಗಿ ಬದಲಿಸಿದರೆ ಸುಮಾರು 220 ಕೆಬಿಗೆ ಇಳಿಯುತ್ತದೆ. ಎಂಟು ಬಿಟ್‌ನ ಒರಟು ಧ್ವನಿ ಜಲಪಾತಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

ಕೊನೆಯಲ್ಲಿ ಸ್ಕ್ರಿಪ್ಟನ್ನು, ಅಂದರೆ ಆ ಪುಟಗಳ ಪಟ್ಟಿಯನ್ನು, ಉಳಿಸಿ, ಕಾರ್ಡಿನ ಇನ್ನೊಂದು ಪ್ರತಿ ಮಾಡಿ. ಗುಡುಗಿನ ಸದ್ದು ಕೇಳಿದ ಕೂಡಲೇ ಪ್ಲಗ್ ಕೀಳಿ.