ಹೊಸ ಕಾರಲ್ಲೂ ಬ್ರೇಕ್ ಪೆಡಲ್ ಮೆತ್ತಗಾದರೆ ಸುಮ್ನಿರಬೇಡಿ
ನಮ್ಮ ಕಾರಿಗೆ ಇನ್ನೂ ಎಂಟು ತಿಂಗಳು. ಹೋದ ವಾರ ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ ಭರಮಸಾಗರದ ಹತ್ತಿರ ಮುಂದಿದ್ದ ಲಾರಿ ನಿಧಾನ ಆಯಿತು ಅಂತ ಬ್ರೇಕ್ ಒತ್ತಿದರೆ, ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಹೇಗೋ ನಿಂತಿತು ಬಿಡಿ. ಸರ್ವೀಸ್‌ನವರು "ಹೊಸ ಗಾಡಿ ಅಲ್ವಾ ಸರ್, ಸೆಟ್ ಆಗುತ್ತೆ" ಅಂದರು. ಇದು ತಾನಾಗೇ ಸೆಟ್ ಆಗುವ ವಿಷಯ ಅಲ್ಲ. ಬ್ರೇಕ್ ಆಯಿಲ್ ಹರಿಯುವ ಪೈಪಿನಲ್ಲಿ ಗಾಳಿ ಸೇರಿರಬಹುದು, ಇಲ್ಲ ಆಯಿಲ್ ಸೋರುತ್ತಿರಬಹುದು.

ಗಾಡಿ ನಿಲ್ಲಿಸಿ, ಇಂಜಿನ್ ಆನ್ ಇಟ್ಟು, ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ ಓಡಿಸಲೇಬೇಡಿ, ಟೋಯಿಂಗ್ ಕರೆಸಿ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಗೆರೆಗಿಂತ ಕೆಳಗಿದೆಯಾ ಅಂತಲೂ, ಚಕ್ರಗಳ ಒಳಬದಿ ಒದ್ದೆ ಇದೆಯಾ ಅಂತಲೂ ನೋಡಿ. ನಮ್ಮದರಲ್ಲಿ ಹಿಂದಿನ ಎಡ ಚಕ್ರದ ಹತ್ತಿರ ಒದ್ದೆ ಕಲೆ ಇತ್ತು. ಫೋಟೊ ತೆಗೆದುಕೊಳ್ಳಿ. ದೂರನ್ನು ಸರ್ವೀಸ್‌ನವರು ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಬರೆಸಿ ಒಂದು ಕಾಪಿ ಇಟ್ಟುಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುತ್ತದೆ.