ಕಾದಂಬರಿಯ ಕರಡಿಗೆ ಸ್ಪೆಲ್‌ಚೆಕ್: ನಾನು ಬಳಸುವ ರೀತಿ

ಮೊದಲ ಕರಡು ಮುಗಿಯುವ ತನಕ ಸ್ಪೆಲ್‌ಚೆಕ್ ಆಫ್. ಬರವಣಿಗೆಯ ತಂತ್ರಾಂಶವಾದ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಶಿಫ್ಟ್ ಹಿಡಿದು ಎಫ್7 ಒತ್ತಿದರೆ ತಪ್ಪೆನಿಸಿದ ಪದಗಳ ಕೆಳಗಿನ ಕೆಂಪು ಗೆರೆ ಹೋಗುತ್ತದೆ. ಕರಡು ಮುಗಿದ ಮೇಲೆ ಬರೀ ಎಫ್7 ಒತ್ತಿ ತಪಾಸಣೆ ಶುರು ಮಾಡುತ್ತೇನೆ. ಕನ್ನಡ ನಿಘಂಟು ಹಾಕಿಕೊಂಡರೂ ಕೆಲಸ ಮಾಡದಿದ್ದರೆ ಭಾಷೆಯ ಸೆಟ್ಟಿಂಗ್ ನೋಡಿ: ಕನ್ನಡವನ್ನು ಆರಿಸಬೇಕಾದದ್ದು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಸಾಲಿನಲ್ಲಿ, ‘ವೆಸ್ಟರ್ನ್’ ಸಾಲಿನಲ್ಲಲ್ಲ.

ಸಂಭಾಷಣೆಯನ್ನು ತಪಾಸಣೆಯಿಂದ ಹೊರಗಿಡುತ್ತೇನೆ. ಅದಕ್ಕೆ ಬೇರೆ ಕ್ಯಾರೆಕ್ಟರ್ ಸ್ಟೈಲ್ (ಅಕ್ಷರಗಳಿಗೆ ಹಾಕುವ ಶೈಲಿ) ಮಾಡಿ, ಅದರ ಭಾಷೆಯನ್ನು ‘ನನ್’ (ಯಾವುದೂ ಅಲ್ಲ) ಎಂದು ಇಟ್ಟರೆ ಸಾಕು. ‘ಹೋಗ್ಬಿಟ್ಟ’, ‘ಬಂದಾನ’ ಇಂಥವನ್ನು ನಿಘಂಟಿಗೆ ಸೇರಿಸಲೇಬೇಡಿ. ಸೇರಿಸಿದರೆ ಅವು ನಿರೂಪಣೆಯೊಳಗೆ ನುಸುಳಿದಾಗಲೂ ಗೆರೆ ಬೀಳುವುದಿಲ್ಲ.

ಪಾತ್ರಗಳ ಹೆಸರಿಗೆ ಪ್ರತಿ ಕಾದಂಬರಿಗೂ ಹೊಸ ಬಳಕೆದಾರ ನಿಘಂಟು, ಅಂದರೆ ನಾವೇ ಪದ ಸೇರಿಸುವ ಪಟ್ಟಿ. ‘ನಂದಿನಿ’ ಒಂದನ್ನೇ ಸೇರಿಸಿದರೆ ಸಾಲದು, ವಿಭಕ್ತಿ ಹತ್ತಿದ ಕೂಡಲೇ ಮತ್ತೆ ಕೆಂಪಾಗುತ್ತದೆ. ನಂದಿನಿಯ, ನಂದಿನಿಗೆ, ನಂದಿನಿಯನ್ನು, ನಂದಿನಿಯಿಂದ ಎಲ್ಲವನ್ನೂ ಸೇರಿಸಬೇಕು. ಆಮೇಲೂ ಗೆರೆ ಉಳಿದರೆ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ‘೦’ ಕೂತಿದೆಯೇ ನೋಡಿ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಾಗೆ ಟೈಪಾದ ಹೆಸರು ಹುಡುಕಾಟಕ್ಕೂ ಸಿಗುವುದಿಲ್ಲ.

‘ಮನೆಯಲ್ಲಿದ್ದವರಿಗೂ’ ಥರದ ಕೂಡುಪದ ಸರಿಯಿದ್ದರೂ ಕೆಂಪಾಗಬಹುದು. ಗೆರೆ ಬಿದ್ದ ಮಾತ್ರಕ್ಕೆ ಪದ ಒಡೆಯಬೇಡಿ. ‘ಹಾಳು’ ಬರಬೇಕಾದಲ್ಲಿ ‘ಹಾಲು’ ಬಂದರೆ ಗೆರೆಯೇ ಬೀಳದು, ಎರಡೂ ನಿಘಂಟಿನಲ್ಲಿವೆ.

ಕಥೆಗೆ ನಿಜವಾಗಿ ಬೇಕಾದ ವ್ಯಾಕರಣ ತಪಾಸಣೆಯನ್ನು, ಒಂದು ಪದ ಬಂದ ಕಡೆಯೆಲ್ಲ ಹುಡುಕಿಕೊಡುವ ‘ಫೈಂಡ್ ಆಲ್’ನಿಂದ ನಾನೇ ಮಾಡಿಕೊಳ್ಳುತ್ತೇನೆ. ಒಂದು ಅಧ್ಯಾಯದಲ್ಲಿ ‘ಸಾವಿತ್ರಮ್ಮ ಹೇಳಿದಳು’, ಇನ್ನೊಂದರಲ್ಲಿ ‘ಹೇಳಿದರು’. ಎರಡರಲ್ಲೂ ಕಾಗುಣಿತ ಸರಿ, ಆದರೆ ನಿರೂಪಕನಿಗೂ ಆಕೆಗೂ ಇರುವ ಸಂಬಂಧವೇ ಬದಲಾಗಿಬಿಟ್ಟಿರುತ್ತದೆ. ಯಾರ ಕಣ್ಣಿಂದ ಕಥೆ ನಡೆಯುತ್ತಿದೆಯೋ ಅವರು ಆಕೆಯನ್ನು ಹೇಗೆ ಕರೆಯುತ್ತಾರೆಂದು ಮೊದಲು ಗೊತ್ತುಮಾಡಿಕೊಂಡು ಹೆಸರನ್ನು ಹುಡುಕುತ್ತೇನೆ. ನಮ್ಮ ವಾಕ್ಯಗಳಲ್ಲಿ ಕರ್ತೃ ಆಗಾಗ ಬಿಟ್ಟುಹೋಗುವುದರಿಂದ ‘ದಳು’, ‘ದರು’ಗಳನ್ನೂ ಬೇರೆಯಾಗಿ ಹುಡುಕಬೇಕು.

ಕಾಲಕ್ಕೂ ಇದೇ ಉಪಾಯ. ನಿರೂಪಣೆ ಭೂತಕಾಲದಲ್ಲಿದ್ದರೆ ‘ತ್ತಾನೆ’, ‘ತ್ತಾಳೆ’, ‘ತ್ತಾರೆ’, ‘ತ್ತದೆ’ ಹುಡುಕಿ. ‘ಬಂದಿದ್ದಾನೆ’ ಇವುಗಳಲ್ಲಿ ಸಿಗದು, ‘ದ್ದಾನೆ’, ‘ದ್ದಾಳೆ’ ಎಂದು ಇನ್ನೊಮ್ಮೆ ಹುಡುಕಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವ ‘ರಿಪ್ಲೇಸ್ ಆಲ್’ ಮಾತ್ರ ಒತ್ತಬೇಡಿ: ‘ಬರುತ್ತಾನೆ’ ‘ಬಂದ’ ಆಗಬೇಕು, ‘ಹೋಗುತ್ತಾನೆ’ ‘ಹೋದ’ ಆಗಬೇಕು, ಪ್ರತ್ಯಯದ ಜೊತೆ ಧಾತುವೂ ಬದಲಾಗುತ್ತದೆ.