ವಂಚನೆಯನ್ನು ಗುರುತಿಸುವುದು ಹೇಗೆ, ದೂರು ಕೊಡುವುದು ಹೇಗೆ

ಕಳ್ಳತನದಲ್ಲಿ ವಸ್ತು ನಮ್ಮ ಕಣ್ತಪ್ಪಿಸಿ ಹೋಗುತ್ತದೆ. ವಂಚನೆಯಲ್ಲಿ ಸುಳ್ಳನ್ನು ನಂಬಿ ನಾವೇ ಅದನ್ನು ಕೈಯಾರೆ ಕೊಟ್ಟಿರುತ್ತೇವೆ. ಈ ಕಾರಣಕ್ಕೇ ಮೋಸಹೋದವರು ‘ನಾನೇ ಕೊಟ್ಟೆನಲ್ಲ, ಇನ್ನು ಯಾರ ಮುಂದೆ ಹೇಳಿಕೊಳ್ಳಲಿ’ ಎಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗುವ ಅಗತ್ಯ ಇಲ್ಲವೇ ಇಲ್ಲ. ಹಳೆಯ ದಂಡ ಸಂಹಿತೆಯ 420ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು, ಸುಳ್ಳು ಹೇಳಿ ನಂಬಿಸಿ ದುರುದ್ದೇಶದಿಂದ ಆಸ್ತಿಯನ್ನು ಒಪ್ಪಿಸಿಕೊಳ್ಳುವುದನ್ನೇ ಅಪರಾಧವೆಂದು ಕರೆದು, ಅದಕ್ಕೆ ಏಳು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ.

ಕೊಟ್ಟ ಮಾತಿಗೆ ತಪ್ಪಿದವರೆಲ್ಲ ವಂಚಕರಲ್ಲ. ವ್ಯಾಪಾರದಲ್ಲಿ ನಿಜವಾಗಿಯೇ ನಷ್ಟವಾಗಿ ಬಾಕಿ ಉಳಿಸಿಕೊಂಡವನ ಮೇಲೆ ಸಿವಿಲ್ ದಾವೆ ಹೂಡಬೇಕಾಗುತ್ತದೆ. ಮೊದಲ ದಿನದಿಂದಲೇ ಕೊಡುವ ಮನಸ್ಸಿಲ್ಲದೆ ಮಾಲು ಪಡೆದವನು ಮಾತ್ರ ವಂಚಕ. ಠಾಣೆಯಲ್ಲಿ ‘ಇದು ಸಿವಿಲ್ ವ್ಯವಹಾರ’ ಎಂದು ದೂರನ್ನು ಪಕ್ಕಕ್ಕಿಡುವ ಸಂದರ್ಭಗಳಲ್ಲಿ ಈ ವ್ಯತ್ಯಾಸವೇ ಮುಖ್ಯವಾಗುವುದರಿಂದ, ಆರಂಭದಲ್ಲೇ ದುರುದ್ದೇಶವಿತ್ತು ಎಂಬುದನ್ನು ತೋರಿಸುವ ಪುರಾವೆಯನ್ನು ಕೂಡಿಡಬೇಕು.

ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಭತ್ತದ ವ್ಯವಹಾರವನ್ನೇ ನೋಡೋಣ. ಸುಗ್ಗಿಯಲ್ಲಿ ಹೊಲಕ್ಕೇ ಬರುವ ಹೊಸ ವ್ಯಾಪಾರಿ 75 ಕೆ.ಜಿ. ಚೀಲಕ್ಕೆ ಪೇಟೆ ಧಾರಣೆಗಿಂತ ಹೆಚ್ಚು ಹೇಳುತ್ತಾನೆ, ಮೊದಲ ಲಾರಿಯ ಹಣವನ್ನು ಕೈಗೇ ಕೊಡುತ್ತಾನೆ, ಎರಡನೆಯದಕ್ಕೆ ಅರ್ಧ ಕೊಟ್ಟು ಊರಿನವರ ನಂಬಿಕೆ ಗಳಿಸುತ್ತಾನೆ. ಆಮೇಲೆ ಹತ್ತಾರು ರೈತರ ಮಾಲನ್ನು ಒಟ್ಟಿಗೆ ಎತ್ತಿ, ಬಿಳಿ ಹಾಳೆಯ ಮೇಲೆ ಮೊತ್ತ ಬರೆದುಕೊಟ್ಟು ಫೋನ್ ಬಂದ್ ಮಾಡಿಬಿಡುತ್ತಾನೆ. ಆ ಬಿಳಿ ಹಾಳೆಯಲ್ಲಿ ಸಹಿಯೂ ಇರುವುದಿಲ್ಲ, ಅಂಗಡಿಯ ಹೆಸರೂ ಇರುವುದಿಲ್ಲ. ಆದ್ದರಿಂದ ಲಾರಿ ತುಂಬುವ ಮೊದಲೇ ವ್ಯಾಪಾರಿಯ ಎ.ಪಿ.ಎಂ.ಸಿ. ಲೈಸೆನ್ಸಿನ ಫೋಟೊ ತೆಗೆದುಕೊಂಡು, ಅದು ನಿಜವೇ ಎಂದು ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ವಿಚಾರಿಸಬೇಕು. ಲಾರಿ ಸಂಖ್ಯೆಯಿರುವ ತೂಕದ ಚೀಟಿಯ ಒಂದು ಪ್ರತಿ ರೈತನ ಬಳಿಯೇ ಉಳಿಯಬೇಕು. ದರ, ಚೀಲಗಳ ಲೆಕ್ಕ ಮತ್ತು ಹಣ ಕೊಡುವ ದಿನವನ್ನು ಬರೆಸಿ ಸಹಿ ಮಾಡಿಸಿಕೊಳ್ಳಬೇಕು. ಪರಿಚಯದವರು ಕರೆತಂದರೆಂಬ ಮುಲಾಜಿಗೆ ಇದನ್ನು ಬಿಡಬಾರದು, ಏಕೆಂದರೆ ಕರೆತಂದವರೂ ಅವನನ್ನು ನಂಬಿ ಮೋಸಹೋಗಿರಬಹುದು.

ಫೋನಿನ ಮೂಲಕ ನಡೆಯುವ ವಂಚನೆಯಲ್ಲಿ ಹೆದರಿಕೆ ಇಲ್ಲವೇ ಆಸೆ ಹುಟ್ಟಿಸಿ, ಯೋಚಿಸಲು ಸಮಯ ಕೊಡದೆ ಅವಸರಪಡಿಸುತ್ತಾರೆ. ಪೊಲೀಸ್ ಅಥವಾ ಸಿ.ಬಿ.ಐ. ಅಧಿಕಾರಿಯ ವೇಷದಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎನ್ನುವವರನ್ನು ನಂಬಬೇಡಿ; ಅಂತಹ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲ. ಯು.ಪಿ.ಐ. ಪಿನ್ ಹಣ ಕಳುಹಿಸುವುದಕ್ಕೆ ಬೇಕೇ ಹೊರತು ಪಡೆಯುವುದಕ್ಕೆ ಬೇಡ. ಹಣ ಬರುತ್ತದೆ, ಪಿನ್ ಒತ್ತಿ ಎಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಬೆರಳಚ್ಚಿನ ನಕಲು ಮಾಡಿ ಆಧಾರ್ ಜೋಡಿಸಿದ ಖಾತೆಯಿಂದ ಹಣ ತೆಗೆಯುವವರೂ ಇರುವುದರಿಂದ, ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಟ್ಟು, ಬೇಕಾದಾಗ ಮಾತ್ರ ತೆರೆಯುವುದು ಕ್ಷೇಮ.

ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವ ಯೋಜನೆಗಳಲ್ಲಿ ಹೊಸಬರು ಕಟ್ಟಿದ ದುಡ್ಡನ್ನೇ ಹಳಬರಿಗೆ ಲಾಭವೆಂದು ಹಂಚುತ್ತಾರೆ. ಚೀಟಿ ನಡೆಸುವ ಸಂಸ್ಥೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ, ಪ್ರಮಾಣಪತ್ರವನ್ನು ಕಣ್ಣಾರೆ ನೋಡಿ. ಅನುಮತಿಯಿಲ್ಲದೆ ಠೇವಣಿ ಸಂಗ್ರಹಿಸುವುದನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅಂಥವರ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ದೂರು ಸಲ್ಲಿಸಬಹುದು.

ಖಾತೆಯಿಂದ ಹಣ ಹೋಗಿದೆ ಎಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗ ದಾಟಿಸುತ್ತಾರೆ. ಅದು ಎಲ್ಲಾದರೂ ಖಾತೆಯಲ್ಲೇ ಇರುವಾಗ ದೂರು ತಲುಪಿದರೆ ಬ್ಯಾಂಕುಗಳು ಅದನ್ನು ತಡೆಹಿಡಿಯಬಲ್ಲವು, ಎ.ಟಿ.ಎಂ.ನಿಂದ ನಗದಾದ ಮೇಲೆ ಹಿಂಪಡೆಯುವುದು ಬಹಳ ಕಷ್ಟ. ಕರೆ ಮಾಡುವಾಗ ಹಣ ಹೋದ ಹೊತ್ತು, ಮೊತ್ತ ಮತ್ತು ಯು.ಪಿ.ಐ. ವಹಿವಾಟಿನ 12 ಅಂಕಿಗಳ ಸಂಖ್ಯೆ ಮುಂದಿರಲಿ. ಬ್ಯಾಂಕಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ: ನಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ನಷ್ಟ ಗ್ರಾಹಕನ ಮೇಲೆ ಬೀಳುವುದಿಲ್ಲ. ಆದರೆ ನಾವೇ ಒ.ಟಿ.ಪಿ. ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಮ್ಮದೇ ಆಗುತ್ತದೆ, ಅದಕ್ಕಾಗಿಯೂ ತಡಮಾಡಬಾರದು.

ದೂರನ್ನು ಜಿಲ್ಲಾ ಕೇಂದ್ರದ ಸಿ.ಇ.ಎನ್. (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಯಲ್ಲಾಗಲಿ ಹತ್ತಿರದ ಠಾಣೆಯಲ್ಲಾಗಲಿ ಕೊಡಬಹುದು. ಘಟನೆ ತಮ್ಮ ಸರಹದ್ದಿನಲ್ಲಿ ನಡೆದಿಲ್ಲ ಎಂಬ ಕಾರಣಕ್ಕೆ ಅವರು ಅದನ್ನು ನಿರಾಕರಿಸುವಂತಿಲ್ಲ. ಆದರೂ ನಿರಾಕರಿಸಿದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಕ್ರಮವಾಗದಿದ್ದರೆ ಆ ರಸೀದಿಯೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಿ.